ಸೇವಾಸಂಘದ ಸಭೆಗಳೂ ಶ್ರೀಮಠದ ದಾಸೋಹವೂ

(ಮಹೋತ್ಸವದ ಎರಡನೆಯ ದಿವಸದ ಸಭೆಯಲ್ಲಿ ಮಾಡಿದ ಭಾಷಣ)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಕಡೆಗಳಿಂದ ಸದ್ಭಕ್ತರೂ ಶರಣೆಯರೂ ಇಲ್ಲಿ ಬಂದು ನೆರೆದಿದ್ದಾರೆ. ಈ ಪುಣ್ಯ ಮಹೋತ್ಸವದಲ್ಲಿ ನಾಲ್ಕು ಮಾತನಾಡಬೇಕೆಂದು ಶ್ರೀಗಳವರ ಅಪ್ಪಣೆಯಾದಾಗ ನಾನು ಬಹಳವಾಗಿ ಹಿಂಜರಿದೆನು. ಶಾಸ್ತ್ರವನ್ನೋದಿದ ಪಂಡಿತನು ನಾನಲ್ಲ. ವಚನಗಳ ಮರ್ಮವನ್ನು ಬಲ್ಲ ಅನುಭಾವಿಯಂತೂ ಅಲ್ಲವೇ ಅಲ್ಲ. ಒಂದು ಸೇವಾಸಂಘದಲ್ಲಿ ಕೆಲವು ವರ್ಷ ಕಾರ್ಯದರ್ಶಿಯಾಗಿದ್ದು, ಕಾಗದಪತ್ರಗಳನ್ನು ಬರೆದು, ಸಭೆಗಳ ವೃತ್ತಾಂತವನ್ನು ಇಟ್ಟುಕೊಂಡು ಬಂದ ಸಾಮಾನ್ಯನು. ಆದರೆ ಶ್ರೀಗಳವರು, “ಬರುವ ವರ್ಷದಲ್ಲಿ ನಿಮ್ಮ ಸಂಘವು ಯಾವ ಸಭೆಗಳನ್ನು ಕೂಡಿಸುವದು, ಯಾರನ್ನು ಮಾತಿಗೆ ಕರೆಯುವದು, ಯಾವ ಧರ್ಮಕಾರ್ಯಗಳನ್ನು ಕೈಕೊಳ್ಳುವದು, ಅದರಲ್ಲಿ ಮಠದ ಭಕ್ತರ ಪಾಲೇನು, ಅಷ್ಟನ್ನೇ ಹೇಳಿರಿ” ಎಂದು ಅಪ್ಪಣೆ ಕೊಡಿಸಿದ್ದರಿಂದ ಧೈರ್ಯ ತಂದುಕೊಂಡು ನಿಂತಿದ್ದೇನೆ. ತಪ್ಪು ಕಂಡಲ್ಲಿ ಹಿರಿಯರು ತಿದ್ದಬೇಕೆಂದು ಪ್ರಾರ್ಥನೆ.

ಸೇವಾಸಂಘವೆಂದರೇನೆಂಬುದನ್ನು ಮೊದಲು ಅರಿಕೆ ಮಾಡುವೆನು. ಈಗ ಜಗತ್ತಿನ ತುಂಬ ಹಬ್ಬಿರುವ ಇಂಥ ಸಂಘಗಳ ಮೂಲವು 1905ನೆಯ ಇಸವಿಯ ಫೆಬ್ರುವರಿ 23ರಂದು ಅಮೇರಿಕೆಯ ಶಿಕಾಗೋ ಪಟ್ಟಣದಲ್ಲಿ ಕೂಡಿದ ಒಂದು ಸಣ್ಣ ಸಭೆಯಲ್ಲಿರುತ್ತದೆ. ಪಾಲ್ ಹ್ಯಾರಿಸನೆಂಬ ವಕೀಲನೂ, ಒಬ್ಬ ಕಲ್ಲಿದ್ದಲಿನ ವ್ಯಾಪಾರಿಯೂ, ಒಬ್ಬ ಗಣಿಯ ಇಂಜಿನಿಯರನೂ, ಒಬ್ಬ ಸಿಂಪಿಗನೂ, ಹೀಗೆ ನಾಲ್ವರು ಕೂಡಿದ್ದರು. ಒಂದು ಸಾರೆ ಒಬ್ಬನ ಅಂಗಡಿಯಲ್ಲಿ, ಮತ್ತೊಂದು ಸಾರೆ ಮತ್ತೊಬ್ಬನ ಕಚೇರಿಯಲ್ಲಿ, ಸರದಿಯ ಮೇಲೆ ಸುತ್ತುತ್ತ ಸಭೆ ಸೇರುತ್ತಿದ್ದುದರಿಂದ ಆ ಸಂಘಕ್ಕೆ ರೋಟರಿ ಎಂಬ ಹೆಸರಾಯಿತು. ಅವರು ಜನರಿಗಾಗಿ ಕೈಕೊಂಡ ಮೊಟ್ಟಮೊದಲನೆಯ ಕೆಲಸ ಯಾವದೆಂದರೆ, ಊರ ನಡುವೆ ಸಾರ್ವಜನಿಕ ಶೌಚಾಲಯವನ್ನು ಕಟ್ಟಿಸಿದ್ದು. ಮಾಲೆ ಹಾಕಿಸಿಕೊಳ್ಳಲು ತಕ್ಕ ಕೆಲಸವೆಂದು ಯಾರೂ ಅನ್ನಲಾರದ ಆ ಕೆಲಸದಿಂದಲೇ ಅವರು ಆರಂಭಿಸಿದರೆಂಬುದನ್ನು ನಾವು ಮರೆಯಬಾರದು. ನಮ್ಮ ದೇಶದಲ್ಲಿ 1919ರಲ್ಲಿ ಕಲಕತ್ತೆಯಲ್ಲಿ ಈ ಬಗೆಯ ಸಂಘವು ಹುಟ್ಟಿತು. ಅದೇ ಶಿಕಾಗೋದಲ್ಲಿ 1917ರಲ್ಲಿ ಹುಟ್ಟಿದ ಲಾಯನ್ಸ್ ಸಂಘವು 1956ರಲ್ಲಿ ಮುಂಬಯಿಗೆ ಬಂದಿತು. ರೋಟರಿಯವರು ಬೆಳಗಾವಿ, ಕೊಲ್ಹಾಪುರ, ಸಾಂಗಲಿ, ಗೋವೆಗಳನ್ನು ಒಂದೇ ವಿಭಾಗದಲ್ಲಿ ಸೇರಿಸಿರುವದು ಗಡಿನಾಡಿನವರಾದ ನಮಗೆ ಹಿತವಾದ ಸಂಗತಿ. ನೋವಿಗೆ ಕನ್ನಡ-ಮರಾಠಿಯ ಭೇದವಿಲ್ಲ.

ಹಾಗಾದರೆ ಇದು ಹೊರಗಿನಿಂದ ಬಂದ ಹೊಸ ಪದ್ಧತಿಯೇ ಎಂದು ಕೆಲವರು ಕೇಳುವರು. ಹೆಸರು ಹೊಸದು, ವಸ್ತುವು ನಮ್ಮ ಮನೆಯದೇ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಅಂಬಿಗ, ಮಡಿವಾಳ, ಸಮಗಾರ, ಬ್ರಾಹ್ಮಣ, ಅರಸುಮನೆಯ ಅಧಿಕಾರಿ, ಹೆಣ್ಣುಮಕ್ಕಳು, ಎಲ್ಲರೂ ಒಂದೆಡೆ ಕುಳಿತು ಪ್ರಶ್ನೆ ಕೇಳಿ ಉತ್ತರ ಪಡೆದ ಅನುಭವಗೋಷ್ಠಿಯನ್ನು ನಾವು ನಿತ್ಯವೂ ಸ್ಮರಿಸುತ್ತೇವೆ. ರೋಟರಿಯವರು ಹೆಣ್ಣುಮಕ್ಕಳಿಗೆ ಸದಸ್ಯತ್ವದ ಬಾಗಿಲನ್ನು ತೆರೆದದ್ದು 1989ರಲ್ಲಿ. ಅದಕ್ಕೆ ಎಂಟು ನೂರು ವರ್ಷಗಳಿಗೂ ಹಿಂದೆ ನಮ್ಮ ಆಯ್ದಕ್ಕಿ ಲಕ್ಕಮ್ಮನು ಗೋಷ್ಠಿಯಲ್ಲಿ ತನ್ನ ಗಂಡನಿಗೇ ದಾರಿ ತೋರಿಸಿದಳು. ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿವಸ ಎಂದಿಗಿಂತ ಹೆಚ್ಚು ತಂದಾಗ, ಬೇಕಾದಷ್ಟನ್ನೇ ಇಟ್ಟು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮನು ಅವನನ್ನು ತಿರುಗಿ ಕಳಿಸಿದಳು. ಧರ್ಮಕಾರ್ಯಕ್ಕೆಂದು ಹಣ ಕೂಡಿಸುವ ಪ್ರತಿಯೊಂದು ಸಂಘದ ಖಜಾಂಚಿಯೂ ಈ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ಕೇಳತಕ್ಕದ್ದೆಂದು ನನ್ನ ಅಭಿಪ್ರಾಯ.

ಈ ನಾಡಿನ ಇತ್ತೀಚಿನ ಕಾಲವನ್ನು ನೋಡಿದರೂ ಹೀಗೆಯೇ. ಅಥಣಿಯ ಗಚ್ಚಿನಮಠದ ಶ್ರೀ ಮುರುಘೇಂದ್ರ ಶಿವಯೋಗಿಗಳವರು 1836ರಿಂದ 1921ರ ವರೆಗೆ ಬಾಳಿ, ಈ ಸೀಮೆಯ ಜನರಿಗೆ ತಪಸ್ಸನ್ನೂ ದಯೆಯನ್ನೂ ಒಟ್ಟಿಗೆ ತೋರಿಸಿಕೊಟ್ಟರು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯನ್ನು ಕೂಡಿಸಿದರು. ಅದರ ಅಧ್ಯಕ್ಷರಾದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. 1916ನೆಯ ನವಂಬರ 13ರಂದು ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು ಹುಟ್ಟಿಸಿದರು. ಇಂದು ಅಥಣಿ, ಚಿಕ್ಕೋಡಿಗಳಲ್ಲಿಯೂ ಅದರ ಕಾಲೇಜುಗಳಿರುವವು. ನಿಪ್ಪಾಣಿಯಲ್ಲಿ 1925ರ ಏಪ್ರಿಲದಲ್ಲಿ ಕೂಡಿದ ಬಹಿಷ್ಕೃತ ವರ್ಗಗಳ ಪರಿಷತ್ತಿನಲ್ಲಿ ಡಾ. ಅಂಬೇಡಕರರು ಮಾತನಾಡಿದರು. ಇವೆಲ್ಲವೂ ಸಭೆಗಳೇ ಎಂಬುದನ್ನು ಲಕ್ಷ್ಯಕ್ಕೆ ತಂದುಕೊಳ್ಳಿರಿ. ಸಭೆಯು ಮುಗಿದ ಮರುದಿವಸ ಯಾರೋ ಎದ್ದು ಕೆಲಸಕ್ಕೆ ಹತ್ತಿದ್ದರಿಂದಲೇ ಅವುಗಳ ಹೆಸರು ಉಳಿದಿರುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ಶ್ರೀಗಳವರ ಸನ್ನಿಧಿಯಲ್ಲಿ ಒಪ್ಪಿಕೊಳ್ಳುವದು ಉಚಿತ. ಕೆಲವು ವರ್ಷಗಳ ಹಿಂದೆ ನಾನು ಕಾರ್ಯದರ್ಶಿಯಾಗಿದ್ದಾಗ ನಮ್ಮ ಸಂಘವು ಕಣ್ಣಿನ ಶಿಬಿರವನ್ನು ನಡೆಸಿತು. ಮಂಟಪ, ಮಾಲೆ, ಛಾಯಾಚಿತ್ರ, ಭಾಷಣ ಎಲ್ಲವೂ ಸಾಂಗವಾಗಿ ನಡೆದವು. ಕಣ್ಣಿನ ಪೊರೆ, ಅಂದರೆ ನಮ್ಮ ಕಡೆ ಮೋತಿಬಿಂದು ಎಂದು ಕರೆಯುವ ಬೇನೆಯುಳ್ಳ ಅನೇಕ ವೃದ್ಧರಿಗೆ ಶಸ್ತ್ರಕ್ರಿಯೆಯಾಯಿತು. ಕಣ್ಣಿಗೆ ನೀರು ತಾಗಿಸಬಾರದು, ಹನಿಯೌಷಧವನ್ನು ಕೆಲವು ವಾರ ಬಿಡದೆ ಹಾಕಿಕೊಳ್ಳಬೇಕು, ಹೇಳಿದ ದಿವಸ ತೋರಿಸಲು ಬರಬೇಕು ಎಂದು ಎಲ್ಲರಿಗೂ ತಿಳಿಸಿದೆವು. ತಿಳಿಸಿದ್ದರಿಂದ ನಮ್ಮ ಕರ್ತವ್ಯವು ತೀರಿತೆಂದು ಭಾವಿಸಿದೆವು. ಹೊಳೆಯ ದಂಡೆಯ ಹಳ್ಳಿಯ ಒಬ್ಬ ಮುದುಕಿಯು ಹೇಳಿದ ದಿವಸ ಬರಲಿಲ್ಲ. ಮಗನು ಕಬ್ಬಿನ ಕೆಲಸಕ್ಕೆ ಹೋಗಿದ್ದನು; ಕರೆತರುವವರಿರಲಿಲ್ಲ; ಔಷಧವೂ ತೀರಿತ್ತು; ಕಣ್ಣು ಕೆಂಪಾದಾಗ ಮನೆಯ ಮದ್ದನ್ನು ಹಾಕಿದರು. ಬಾರದವರ ಯಾದಿಯನ್ನು ನಾನು ತೆಗೆದು ನೋಡಲೇ ಇಲ್ಲ. ನಾಲ್ಕು ತಿಂಗಳ ತರುವಾಯ ಆ ಊರಿಗೆ ಲಗ್ನಕ್ಕೆ ಹೋದಾಗ ಆಕೆ ನನ್ನ ದನಿಯನ್ನು ಗುರುತಿಸಿ, “ಯಪ್ಪಾ, ನೀವು ಹಾರ ಹಾಕಿಸಿಕೊಂಡ ದಿವಸ ನಾ ನಿಮ್ಮನ್ನ ನೋಡಿದ್ನಿ. ಆಮ್ಯಾಲೆ ಯಾರೂ ಈ ಕಡೆ ಬರಲಿಲ್ಲ” ಎಂದಳು. ಆ ಕಣ್ಣು ಹೋಗಿತ್ತು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಅಂದಿನಿಂದ ನಮ್ಮ ಸಂಘದಲ್ಲಿ ಎರಡು ವಹಿಗಳಿರುವವು. ಒಂದು ಸಭೆಯ ವೃತ್ತಾಂತದ ವಹಿ; ಮತ್ತೊಂದು ಮರುಭೇಟಿಯ ವಹಿ. ಯಾವ ಸಭೆಯೂ ಈ ಎರಡನೆಯ ವಹಿಯನ್ನು ಓದದೆ ಆರಂಭವಾಗಕೂಡದೆಂದು ನಿಯಮವಾಗಿದೆ. ಹಿಂದಿನ ಶಿಬಿರದಲ್ಲಿ ಕಂಡವರು ಯಾರು, ತಿರುಗಿ ಬಾರದವರು ಯಾರು, ಅವರ ಮನೆಗೆ ಹೋದವರು ಯಾರು, ಎಂಬುದನ್ನು ಓದಿ ಮುಗಿಸಿದ ತರುವಾಯವೇ ಅಧ್ಯಕ್ಷರು ಮಾತನಾಡುವರು. ಮೊದಮೊದಲು ಕೆಲವರಿಗೆ ಇದು ಬೇಸರವಾಯಿತು. ಆದರೆ ಜಂಗಮವೆಂಬ ಶಬ್ದದ ಅರ್ಥವೇ ಚಲಿಸುವದೆಂದಲ್ಲವೇ? ಭಕ್ತನ ಮನೆಯ ಬಾಗಿಲಿಗೆ ತಾನಾಗಿ ಹೋಗುವದು ನಮ್ಮ ಧರ್ಮದ ಅತ್ಯಂತ ಹಳೆಯ ಸೇವಾಪದ್ಧತಿ. ಅದನ್ನು ನಾವು ಮರೆತದ್ದೇ ನಮ್ಮ ತಪ್ಪು.

ಈ ಮರಳಿ ಹೋಗುವ ಕೆಲಸದ ಫಲವೆಷ್ಟು ದೊಡ್ಡದೆಂಬುದಕ್ಕೆ ಪೋಲಿಯೋ ಬೇನೆಯ ಉದಾಹರಣೆಯೊಂದೇ ಸಾಕು. ಮಕ್ಕಳ ಕೈಕಾಲುಗಳನ್ನು ಸೆಳೆದುಕೊಳ್ಳುವ ಆ ಬೇನೆಯನ್ನು ಜಗತ್ತಿನಿಂದಲೇ ಅಳಿಸಬೇಕೆಂದು ರೋಟರಿಯವರು 1985ರಲ್ಲಿ ಸಂಕಲ್ಪ ಮಾಡಿದರು. 1995ರಲ್ಲಿ ನಮ್ಮ ಸರಕಾರವು ಪಲ್ಸ್ ಪೋಲಿಯೋ ಕಾರ್ಯವನ್ನು ದೇಶದ ತುಂಬ ಆರಂಭಿಸಿತು. ರವಿವಾರದ ದಿವಸ ಎರಡು ಹನಿ ಹಾಕುವದು ಸುಲಭದ ಕೆಲಸ. ತರುವಾಯದ ದಿವಸಗಳಲ್ಲಿ ಮನೆಮನೆಗೆ ಹೋಗಿ, ಗೋಡೆಯ ಮೇಲೆ ಗುರುತು ಮಾಡಿ, ತಪ್ಪಿಸಿಕೊಂಡ ಒಂದೊಂದು ಮಗುವನ್ನೂ ಹುಡುಕಿಕೊಂಡು ತಿರುಗಿ ಹೋದ ಸಾಮಾನ್ಯ ಹೆಣ್ಣುಮಕ್ಕಳೂ ಸ್ವಯಂಸೇವಕರೂ ಮಾಡಿದ್ದು ಕಠಿಣದ ಕೆಲಸ. ದೇಶದ ಕಟ್ಟಕಡೆಯ ಪೋಲಿಯೋ ಪೀಡಿತ ಮಗುವು ಬಂಗಾಲದ ಹಾವಡಾ ಜಿಲ್ಲೆಯಲ್ಲಿ 2011ನೆಯ ಜನೇವರಿ 13ರಂದು ಬೇನೆಬಿದ್ದಿತು. 2014ನೆಯ ಮಾರ್ಚ 27ರಂದು ನಮ್ಮ ದೇಶವು ಪೋಲಿಯೋ ಮುಕ್ತವೆಂದು ಸಾರಲ್ಪಟ್ಟಿತು. ಭಾಷಣಗಳಿಂದ ಇದು ಆಗಲಿಲ್ಲ. ತಪ್ಪಿದ ಮಗುವಿನ ಮನೆಯನ್ನು ಮರೆಯದವರಿಂದ ಆಯಿತು.

ಇನ್ನು ಬರುವ ವರ್ಷದ ಕಾರ್ಯಕ್ರಮವನ್ನು ಕ್ರಮವಾಗಿ ನಿವೇದಿಸುವೆನು. ನಮ್ಮ ಸಭೆಯು ತಿಂಗಳಿಗೆ ಎರಡು ರವಿವಾರ, ಐದೂ ಊರುಗಳಲ್ಲಿ ಸರದಿಯ ಮೇಲೆ ಕೂಡುವದು. ಮಾತನಾಡುವವರಿಗೆ ನಲವತ್ತು ನಿಮಿಷ, ಕೇಳುವವರ ಪ್ರಶ್ನೆಗಳಿಗೆ ಅರ್ಧ ತಾಸು. ಕನ್ನಡ-ಮರಾಠಿ ಯಾವ ಭಾಷೆಯಲ್ಲಿ ಪ್ರಶ್ನೆ ಬಂದರೂ ಉತ್ತರ ದೊರೆಯುವದು. ಶಾಲು, ಫಲತಾಂಬೂಲಗಳ ವೆಚ್ಚವನ್ನು ನಿಲ್ಲಿಸಿ ಆ ಹಣವನ್ನು ರೋಗಿಗಳ ಪ್ರಯಾಣಕ್ಕೆ ಕೊಡತಕ್ಕದ್ದೆಂದು ಠರಾವಾಗಿದೆ. ಚುನಾವಣೆಯ ಮಾತಿಗೆ ಎಡೆಯಿಲ್ಲ.

ಮೊದಲನೆಯ ಸಭೆಯು ಮಳೆಗಾಲದ ಪೂರ್ವದಲ್ಲಿ, ಹೊಳೆಯ ಮಹಾಪೂರದ ವಿಷಯವಾಗಿ. 2005ರಲ್ಲಿ, 2019ರ ಆಗಸ್ಟದಲ್ಲಿ, ತಿರುಗಿ 2021ರಲ್ಲಿ ಕೃಷ್ಣೆಯೂ ದೂಧಗಂಗೆ-ವೇದಗಂಗೆಗಳೂ ಉಕ್ಕಿ ಬಂದುದನ್ನು ಕಲ್ಲೋಳ, ಯಡೂರು, ಜುಗೂಳ, ಮಂಗಾವತಿ, ಕುಡಚಿ ಮುಂತಾದ ಊರುಗಳವರಿಗೆ ನಾನು ನೆನಪು ಮಾಡಿಕೊಡಬೇಕಾಗಿಲ್ಲ. ಘಟ್ಟದ ಮೇಲೆ ಮಳೆ ಬಿದ್ದು, ಕೊಯ್ನಾ ಮೊದಲಾದ ಆಣೆಕಟ್ಟುಗಳಿಂದ ನೀರು ಬಿಟ್ಟರೆ, ನಮ್ಮಲ್ಲಿ ಬಿಸಿಲಿದ್ದಾಗಲೂ ಹೊಳೆ ಏರುವದು. ಆದಕಾರಣ ಈ ಸಭೆಯಲ್ಲಿ ಮಾತನಾಡಲು ದೂರದ ಪ್ರಸಿದ್ಧರನ್ನು ಕರೆಯದೆ, ಹೊಳೆಯ ದಂಡೆಯ ಒಬ್ಬ ಅಂಬಿಗನನ್ನೂ, ವಿದ್ಯುತ್ ತಂತಿಯ ಕೆಲಸದವರೊಬ್ಬರನ್ನೂ, ದನದ ವೈದ್ಯರೊಬ್ಬರನ್ನೂ ಕರೆಯುವೆವು. ಯಾವ ಮನೆಯಲ್ಲಿ ನಡೆಯಲಾರದ ಮುದುಕರಿರುವರು, ಎಲ್ಲಿ ಬಸುರಿ-ಬಾಣಂತಿಯರಿರುವರು, ದನಗಳನ್ನು ಯಾವ ದಿನ್ನೆಗೆ ಹೊಡೆಯುವದು ಎಂಬ ಯಾದಿಯು ನೀರು ಬರುವ ಮೊದಲೇ ಸಿದ್ಧವಾಗಬೇಕು. ನೀರು ಬಂದ ಮೇಲೆ ರೊಟ್ಟಿಯ ಗಂಟು ಕಟ್ಟುವದರಲ್ಲಿ ನಮ್ಮ ಜನರು ಎಂದೂ ಹಿಂದೆಬಿದ್ದಿಲ್ಲ.

ಎರಡನೆಯದು ರಕ್ತದಾನ. ಅಕ್ಟೋಬರ ಒಂದನೆಯ ದಿನಾಂಕವು ಸ್ವಯಂಪ್ರೇರಿತ ರಕ್ತದಾನದ ರಾಷ್ಟ್ರೀಯ ದಿನವಾಗಿರುತ್ತದೆ. ಆದರೆ ಇಲ್ಲಿಯೂ ಒಂದು ವಿವೇಕ ಬೇಕು. ದಾನವಾಗಿ ಬಂದ ರಕ್ತವನ್ನು ಸಾಮಾನ್ಯವಾಗಿ ಐದಾರು ವಾರಗಳಿಗಿಂತ ಹೆಚ್ಚು ಇಡಲಿಕ್ಕೆ ಬರುವದಿಲ್ಲ. ಅದರೊಳಗಿನ ಪ್ಲೇಟ್ಲೆಟ್ ಎಂಬ ಅಂಶವು ಐದೇ ದಿವಸ ಬಾಳುವದು. ಒಂದೇ ದಿವಸ ನೂರಾರು ಜನರು ಕೊಟ್ಟು ಮುಂದೆ ಆರು ತಿಂಗಳು ಯಾರೂ ಕೊಡದಿದ್ದರೆ, ಹೆಸರು ಬಂದೀತು, ರಕ್ತವು ವ್ಯರ್ಥವಾದೀತು. ಆದುದರಿಂದ ಐದೂ ಊರುಗಳಲ್ಲಿ ಬೇರೆ ಬೇರೆ ತಿಂಗಳುಗಳಲ್ಲಿ ಸಣ್ಣ ಶಿಬಿರಗಳನ್ನು ಇಡುವೆವು. ಹದಿನೆಂಟರಿಂದ ಅರವತ್ತೈದು ವಯಸ್ಸಿನೊಳಗಿನ, ನಲವತ್ತೈದು ಕಿಲೋಗಿಂತ ಕಡಿಮೆ ತೂಕವಿಲ್ಲದ ನಿರೋಗಿಗಳು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ.

ಮೂರನೆಯದು ಕಬ್ಬು ಕಡಿಯುವವರ ಸೇವೆ. ದೀಪಾವಳಿಯ ಸುಮಾರಿಗೆ ಸಕ್ಕರೆಯ ಕಾರ್ಖಾನೆಗಳು ಆರಂಭವಾಗುತ್ತಲೇ ಬೀಡ ಮುಂತಾದ ಬರಗಾಲದ ಸೀಮೆಗಳಿಂದ ಸಂಸಾರಸಹಿತವಾಗಿ ಬಂದು, ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಳ್ಳುವ ಈ ಬಡವರ ಮಕ್ಕಳಿಗೆ ಶಾಲೆಯೂ ತಪ್ಪುವದು, ಲಸಿಕೆಯೂ ತಪ್ಪುವದು. ನಮ್ಮ ಬಾಯಿಗೆ ಬೀಳುವ ಸಿಹಿಯಲ್ಲಿ ಅವರ ಬೆವರಿರುತ್ತದೆ. ಸರಕಾರದ ದಾದಿಯರೊಂದಿಗೆ ಗುಡಿಸಲುಗಳಿಗೆ ಹೋಗಿ ಲಸಿಕೆ ಹಾಕಿಸುವದು, ಮಕ್ಕಳನ್ನು ಹತ್ತಿರದ ಶಾಲೆಗೆ ಮುಟ್ಟಿಸುವದು, ಇದು ನಮ್ಮ ಚಳಿಗಾಲದ ಕೆಲಸ. ಇದರಂತೆಯೇ ನಿಪ್ಪಾಣಿಯಲ್ಲಿ ತಂಬಾಕದ ಧೂಳಿಯಲ್ಲಿ ಕುಳಿತು ಬೀಡಿ ಕಟ್ಟುವ ತಾಯಂದಿರ ಆರೋಗ್ಯ ತಪಾಸಣೆಯೂ ನಡೆಯುವದು. ಅಂದಿನ ಸಭೆಯಲ್ಲಿ ಮೊದಲು ಮಾತನಾಡುವವಳು ಬೀಡಿ ಕಟ್ಟುವ ತಾಯಿಯೇ. ವೈದ್ಯರು ಅವಳ ಮಾತನ್ನು ಕೇಳಿದ ತರುವಾಯ ಮಾತನಾಡುವರು.

ನಾಲ್ಕನೆಯದೇ ನಾನು ಇಂದು ವಿಶೇಷವಾಗಿ ಬೇಡಿಕೊಳ್ಳಲು ಬಂದದ್ದು. ಆಗಸ್ಟ 25ರಿಂದ ಸಪ್ಟಂಬರ 8ರ ವರೆಗೆ ದೇಶದಲ್ಲೆಲ್ಲ ನೇತ್ರದಾನದ ಪಕ್ಷವನ್ನು ಆಚರಿಸುವರು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಕೆಟ್ಟು ಕುರುಡಾದವರಿಗೆ, ತೀರಿಕೊಂಡವರ ಕಾರ್ನಿಯಾವನ್ನು ಕೂಡಿಸಿದರೆ ದೃಷ್ಟಿಯು ತಿರುಗಿ ಬರುವದು. ಒಬ್ಬರ ಎರಡು ಕಣ್ಣುಗಳಿಂದ ಇಬ್ಬರು ನೋಡಬಹುದು. ಚಾಳೀಸು ಹಾಕಿಕೊಂಡವರೂ, ಮೋತಿಬಿಂದು ತೆಗೆಯಿಸಿಕೊಂಡವರೂ, ಮಧುಮೇಹವುಳ್ಳವರೂ ಕೊಡಬಹುದು. ಆದರೆ ಪ್ರಾಣ ಹೋದ ಆರು ತಾಸುಗಳೊಳಗೆ ಕೆಲಸವಾಗಬೇಕು. ಅಲ್ಲಿಯ ವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆಯ ಅರಳೆಯನ್ನಿಟ್ಟು, ತಲೆಯನ್ನು ತುಸು ಎತ್ತರಿಸಿ, ಪಂಖೆಯನ್ನು ನಿಲ್ಲಿಸಬೇಕು. ವೈದ್ಯರು ಬಂದ ಮೇಲೆ ಹದಿನೈದಿಪ್ಪತ್ತು ನಿಮಿಷದ ಕೆಲಸ, ಮುಖವು ವಿಕಾರವಾಗುವದಿಲ್ಲ.

ಸಂಕಲ್ಪಪತ್ರಕ್ಕೆ ಸಹಿ ಮಾಡುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಗಳಿಗೆ ಬಂದಾಗ ಕಣ್ಣು ಕೊಡುವವರು ವಿರಳ. ಕಾರಣವನ್ನು ಮುಚ್ಚಿಡದೆ ಹೇಳುವೆನು. ನಮ್ಮಲ್ಲಿ ಲಿಂಗೈಕ್ಯರಾದವರನ್ನು ಕೂಡ್ರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಸಮಾಧಿಯಲ್ಲಿ ಇಡುವ ಸಂಪ್ರದಾಯವಿರುತ್ತದೆ. ಜೀವನವಿಡೀ ಲಿಂಗವನ್ನು ದಿಟ್ಟಿಸಿ ನೋಡಿದ ಕಣ್ಣಿಲ್ಲದೆ ಹಿರಿಯರನ್ನು ಹೇಗೆ ಕಳಿಸುವದೆಂದು ಮನೆಯವರ ಕರುಳು ಹಿಂಜರಿಯುವದು. ಈ ದುಃಖವನ್ನು ಅಜ್ಞಾನವೆಂದು ಹಳಿಯುವ ಹಕ್ಕು ನನಗಿಲ್ಲ. ನನ್ನ ತಾಯಿಯವರು ತೀರಿಕೊಂಡಾಗ ನಾನೂ ಬಾಯಿ ತೆರೆಯಲಾರದೆ ಕುಳಿತೆನು. ಆರು ತಾಸುಗಳು ಕಳೆದುಹೋದವು. ಆದರೆ ಮಣ್ಣಿಗೆ ಸೇರುವ ಶರೀರದಲ್ಲಿ ಲಿಂಗವನ್ನು ಕಂಡ ಕಣ್ಣೊಂದು ಮಣ್ಣಾಗದೆ, ಮತ್ತೊಬ್ಬ ಬಡ ಕೂಸಿಗೆ ಬೆಳಕಾದರೆ, ಅದು ದಾಸೋಹವಲ್ಲದೆ ಮತ್ತೇನು? ಶರೀರವು ಸೇವೆಗೆ ಸಂದ ಮೇಲೆ ಅದು ಅಪೂರ್ಣವಾಗುವದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರವು ನನ್ನದಲ್ಲ, ಶ್ರೀಗಳವರದು. ಆದಕಾರಣ ನೇತ್ರದಾನ ಪಕ್ಷದ ಸಭೆಯಲ್ಲಿ ಮುಖ್ಯ ಉಪನ್ಯಾಸವನ್ನು ವೈದ್ಯರಿಂದ ಮಾಡಿಸದೆ, ಶ್ರೀಗಳವರಿಂದಲೇ ಆಶೀರ್ವಚನವಾಗಬೇಕೆಂದು ಸಂಘದ ಪರವಾಗಿ ಸೆರಗೊಡ್ಡಿ ಬೇಡುತ್ತೇನೆ.

ಮತ್ತೊಂದು ಪ್ರಾರ್ಥನೆಯುಂಟು. ಹಳ್ಳಿಯಲ್ಲಿ ಮರಣವಾದರೆ ಮೊದಲು ಕರೆಯುವದು ಊರ ಅಯ್ಯನವರನ್ನು. ಅಳುವ ಮನೆಯಲ್ಲಿ ಸಂಘದವರು ಹೋಗಿ ಕಣ್ಣು ಕೇಳುವದು ಕ್ರೂರವಾಗಿ ತೋರುವದು. ಅದೇ ಮಾತನ್ನು ಅಯ್ಯನವರು ಮೃದುವಾಗಿ ಎತ್ತಿದರೆ, ಮನೆಯವರು ಬೇಕಾದರೆ ಒಪ್ಪುವರು, ಬೇಡವಾದರೆ ಬಿಡುವರು, ಯಾರಿಗೂ ನೋವಾಗಲಾರದು. ಈ ಶ್ರೀಮಠಕ್ಕೆ ನಡೆದುಕೊಳ್ಳುವ ಪ್ರತಿಯೊಂದು ಊರಿನ ಅಯ್ಯನವರೂ ಈ ವಿಷಯವನ್ನು ಚೆನ್ನಾಗಿ ತಿಳಿದುಕೊಂಡು, ಹತ್ತಿರದ ನೇತ್ರಭಂಡಾರದ ದೂರವಾಣಿಯನ್ನು ತಮ್ಮ ಪಂಚಾಂಗದ ಹೊದಿಕೆಯ ಮೇಲೆ ಬರೆದಿಟ್ಟುಕೊಂಡರೆ ಅರ್ಧ ಕೆಲಸವಾದಂತೆಯೇ.

ಕಡೆಯದಾಗಿ ಹಣದ ಮಾತು. ಮಾಘಮಾಸದ ಸಭೆಯಲ್ಲಿ ವರ್ಷದ ಜಮಾಖರ್ಚನ್ನು ಎಲ್ಲರೆದುರು ಓದಿ, ಅದರ ಪ್ರತಿಯನ್ನು ಗೋಡೆಗೆ ಹಚ್ಚುವೆವು. ಸಾವಿರ ರೂಪಾಯಿ ಕೊಟ್ಟವರ ಹೆಸರೂ ಹತ್ತು ರೂಪಾಯಿ ಕೊಟ್ಟವರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿರುವವು. ಹೆಸರು ಬೇಡವೆಂದವರ ಹೆಸರು ಇರಲಾರದು. ಹಣವುಳ್ಳವರು ಹಣ ಕೊಡಲಿ. ಗಾಡಿಯುಳ್ಳವರು ರೋಗಿಗಳನ್ನು ಕರೆತರಲಿ. ಏನೂ ಇಲ್ಲದವರು ತಿಂಗಳಿಗೊಂದು ಮಧ್ಯಾಹ್ನವನ್ನು ಕೊಟ್ಟು, ಮರುಭೇಟಿಯ ವಹಿಯಲ್ಲಿಯ ಒಂದು ಮನೆಗೆ ಹೋಗಿ ಬರಲಿ. ಈ ಮೂರರಲ್ಲಿ ನಮಗೆ ಯಾವಾಗಲೂ ಕೊರತೆ ಬೀಳುವದು ಕಡೆಯದು. ಮಹಾದ್ವಾರದ ಬಲಗಡೆಯ ಮೇಜಿನ ಮೇಲೆ ಆ ವಹಿಯನ್ನು ಇಟ್ಟಿರುತ್ತೇವೆ. ಪ್ರಸಾದ ಸ್ವೀಕರಿಸಿ ಹೊರಡುವಾಗ, ತಮ್ಮ ತಮ್ಮ ಊರಿನ ಪುಟವನ್ನು ತೆರೆದು ನೋಡಿರಿ. ಅಲ್ಲಿ ಕಾಣುವ ಹೆಸರು ನಿಮ್ಮ ಓಣಿಯವರದೇ ಇದ್ದೀತು. ನನಗೆ ಕಣ್ಣು ತೆರೆಯಿಸಿದ ಆ ಮುದುಕಿಯ ಹೆಸರೂ ಮೊದಲನೆಯ ಪುಟದಲ್ಲಿರುತ್ತದೆ. ಆಕೆಯ ಇನ್ನೊಂದು ಕಣ್ಣಿಗೆ ಶಸ್ತ್ರಕ್ರಿಯೆಯಾಗಿ, ಹೇಳಿದ ದಿವಸಗಳಲ್ಲಿ ತಪ್ಪದೆ ತೋರಿಸಿ, ಈಗ ತಾನೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವಳೆಂದು ಅದರಲ್ಲಿ ಬರೆದಿದೆ.